ಗಂಟೇ ಆಧಾರ

ಪ್ರಶ್ನೆ: ಜರ್ಮನಿಯ ಸ್ಯಾಕ್ಸನಿಯಲ್ಲಿ ಮರಳುಗಲ್ಲಿನ ಬಂಡೆ ಹತ್ತುವವರು, ಜಾರಿದರೆ ತಡೆಯಲು, ಲೋಹದ ಸಾಮಾನು ಬಿಟ್ಟು ಬಿರುಕಿಗೆ ಹಗ್ಗದ ಗಂಟು ಸಿಕ್ಕಿಸುತ್ತಾರಂತೆ. ಯಾಕೆ?
– ಓದುಗರೊಬ್ಬರು, ಕುಂಬಳೆ

ಉತ್ತರ: ನಿಮ್ಮೂರಿನಲ್ಲಿ ಆಗಷ್ಟೇ ಕಡಿದ ಮುರಕಲ್ಲಿಗೆ ಕತ್ತಿಯ ತುದಿ ತಾಗಿದರೂ ಪುಡಿ ಉದುರುತ್ತದೆ ಅಲ್ವಾ? ಮೆದು ಮರಳುಗಲ್ಲೂ ಹಾಗೆಯೇ. ಹತ್ತುವವ ಜಾರಿದರೆ ಲೋಹದ ತುಂಡು ಬಿರುಕಿನ ಅಂಚನ್ನು ಒಡೆದು ಹೊರಗೆ ಬರಬಹುದು, ಕಲ್ಲಿಗೂ ಶಾಶ್ವತ ಗಾಯ, ಅದಕ್ಕೇ ಅಲ್ಲಿ ಅದು ನಿಷಿದ್ಧ. ಗಂಟು ಮೆತ್ತಗಿರುತ್ತದೆ. ಬಿರುಕು ಕೆಳಗೆ ಕಿರಿದಾಗುವ ಕಡೆ ತುರುಕಿ, ಜಗ್ಗಿ ಕೂರಿಸಬೇಕು. ಸುಮ್ನೆ ಸಿಕ್ಕಿಸಿದರೆ, ಹತ್ತುವವನ ಹಗ್ಗದಿಂದ ಮೇಲಕ್ಕೆ ಎಳೆತ ಬಿದ್ದಾಗ ಕಳಚಿಕೊಳ್ಳುತ್ತದೆ. ಬಿರುಕಿನ ಅಗಲ ಒಂದೇ ಇರಲ್ಲ, ಹಾಗಾಗಿ ಸಣ್ಣದು ದೊಡ್ಡದು ಅಂತ ಹಲವು ಗಂಟು ಬೇಕು. ಒದ್ದೆ ಮರಳುಗಲ್ಲಿಗೆ ಬಲ ಕಡಿಮೆ, ಮಳೆ ಬಂದರೆ ಹತ್ತುವಂತಿಲ್ಲ. ಇದನ್ನು ಓದಿ ಬೇಕಲ ಕೋಟೆಯ ಗೋಡೆಗೆ ಮಾತ್ರ ಹಗ್ಗ ಹಿಡಿದು ಹೋಗಬೇಡಿ ಮಾರಾಯ್ರೇ!