ಹೆದರಿಕೆಯನ್ನು ದೇವರ ಮುಂದೆ ಹೇಳಬಾರದೇ?

ಓದುಗರ ಪತ್ರ: ನಮ್ಮ ಯಜಮಾನರ ಕೆಲಸ ಹೋಗಿ ನಾಲ್ಕು ತಿಂಗಳಾಯಿತು. ಪ್ರಾರ್ಥನಾ ಕೂಟದಲ್ಲಿ "ದೇವರೇ, ಹೆದರಿಕೆಯಾಗುತ್ತಿದೆ, ನೀನು ಕೇಳಿಸಿಕೊಳ್ಳುತ್ತಿದ್ದೀಯೋ ಇಲ್ಲವೋ" ಎಂದುಬಿಟ್ಟೆ. ಹಿರಿಯರೊಬ್ಬರು "ಇದು ಅವಿಶ್ವಾಸ, ಸ್ತೋತ್ರ ಮಾತ್ರ ಹೇಳಮ್ಮ" ಎಂದರು. ಅಂದಿನಿಂದ ಪ್ರಾರ್ಥನೆಗೆ ಬಾಯೇ ಬರುತ್ತಿಲ್ಲ. ನಾನು ತಪ್ಪು ಮಾಡಿದೆನೇ?

ಸಂಪಾದಕರ ಉತ್ತರ: ಇಲ್ಲ ಸಹೋದರಿ. ಆ ಮಾತು ಕೇಳಿ ನೀವು ಸುಮ್ಮನಾದಿರಲ್ಲ, ತಪ್ಪೆಂದರೆ ಅದೊಂದೇ.

ಸ್ತೋತ್ರ ಬೇಕು, ನಿಜ. ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಸಭೆಯವರಿಗೆ ಕೃತಜ್ಞತೆಯಿಂದ ಪ್ರಾರ್ಥಿಸಿರಿ ಎಂದೇ ಬರೆದ. ಆದರೆ ಬೇಕಾದದ್ದನ್ನು ದೇವರಿಗೆ ತಿಳಿಸಿರಿ ಎಂಬುದೂ ಅದೇ ವಚನದಲ್ಲಿದೆ.

ಬೈಬಲಿನಲ್ಲಿ ಮಕ್ಕಳಿಲ್ಲದೆ ನೊಂದಿದ್ದ ಹನ್ನಳನ್ನು ನೋಡಿ, ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದಾಳೆ. ತುಟಿ ಅಲುಗುತ್ತಿದೆ, ದನಿ ಇಲ್ಲ. ಕುಡಿದಿದ್ದಾಳೆಂದು ಯಾಜಕ ಏಲಿ ಗದರಿದ. ನೊಂದ ಮನಸ್ಸನ್ನು ದೇವರ ಮುಂದೆ ಹೊಯ್ದುಕೊಳ್ಳುತ್ತಿದ್ದೇನೆ ಎಂದಳು. ಏಲಿ ತಿದ್ದಿಕೊಂಡು ಹರಸಿದ. ಅವಳು ಹೋಗಿ ಊಟ ಮಾಡಿದಳು, ಮುಖ ಬಾಡಿರಲಿಲ್ಲ. ಮಗು ಹುಟ್ಟಿದ್ದು ಆಮೇಲೆ.

ಗೊಣಗುವುದಕ್ಕೂ ಮೊರೆಯಿಡುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಅರಣ್ಯದಲ್ಲಿ ಇಸ್ರಾಯೇಲ್ಯರು ಗುಡಾರಗಳೊಳಗೆ ಕೂತು ದೇವರ ಬಗ್ಗೆ ಗೊಣಗಿದರು. ಹನ್ನಳು ದೇವರಿಗೇ ಹೇಳಿದಳು. ನಂಬಿಕೆ ಇಲ್ಲದವರು ಹಾಗೆ ಹೇಳಿಕೊಳ್ಳುವುದಾದರೂ ಯಾರಿಗೆ?

ಬಾಯಿ ಬರದಿದ್ದರೆ ಬೈಬಲಿನ 13ನೇ ಕೀರ್ತನೆ ತೆಗೆಯಿರಿ. ಇರುವುದು ಆರೇ ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅಲ್ಲೇ ನಿಂತು ನಿಮ್ಮ ನಾಲ್ಕು ತಿಂಗಳ ಲೆಕ್ಕ ಒಪ್ಪಿಸಿ, ಗಟ್ಟಿಯಾಗಿ. ಮನಸ್ಸಿನಲ್ಲೇ ಹೇಳಿಕೊಂಡರೆ ಪ್ರಾರ್ಥನೆ ಯಾವಾಗ ಚಿಂತೆಯಾಯಿತೆಂದು ತಿಳಿಯುವುದಿಲ್ಲ. "ಮುಂದೇನು ಗತಿ" ಎಂಬ ಮಾತು ಸುತ್ತತೊಡಗಿದರೆ, "ದೇವರೇ, ನೀನು" ಎಂದು ಶುರುಮಾಡಿ ಅದನ್ನೇ ಮತ್ತೆ ಹೇಳಿ. ಮೂರು, ನಾಲ್ಕನೆಯ ವಚನ ಬೇಡಿಕೆ. ಇಲ್ಲಿ "ಆಶೀರ್ವದಿಸು" ಎಂದು ತೇಲಿಸಬೇಡಿ. ಈ ವಾರದ ಬಾಡಿಗೆ, ನಾಳಿನ ಸಂದರ್ಶನ, ಇಂದಿನ ನಿದ್ದೆ, ಯಾವುದು ಬೇಕೋ ಅದನ್ನೇ ಕೇಳಿ. ತಾರೀಕು ಹಾಕಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಭರವಸೆಯ ಮಾತು ಐದನೆಯದರಲ್ಲಿ ಬರುತ್ತದೆ. ನಮ್ಮವರು ಎಡವುವುದು ಇಲ್ಲೇ: ನಾಲ್ಕು ವಚನ ಹಾರಿಸಿ ನೇರ ಐದಕ್ಕೆ ಹೋಗುತ್ತಾರೆ, ಬಾಯಿ ಹಾಡುತ್ತದೆ, ಎದೆ ಬಿಗಿದೇ ಇರುತ್ತದೆ. ಇವತ್ತು ಐದು ಬಾಯಿಗೆ ಬರದಿದ್ದರೆ ನಾಲ್ಕಕ್ಕೇ ನಿಲ್ಲಿಸಿ, ನಾಳೆ ಮತ್ತೆ ಒಂದರಿಂದ ಹಿಡಿಯಿರಿ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಅದನ್ನೂ ಯಾರೂ ಕಿತ್ತುಹಾಕಲಿಲ್ಲ. ಒಂದೇ ಮಾತು ಮತ್ತೆ ಮತ್ತೆ ಬಂದರೂ ಅಂಜಬೇಡಿ, ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೂರು ಸಲವೂ ಅದನ್ನೇ ಬೇಡಿದ.

ನನ್ನ ಸಂಕಟ ನಿಮ್ಮ ಹಿರಿಯರೊಬ್ಬರ ಮೇಲಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಿನವೇ. ನಮ್ಮ ಕೂಟಗಳಲ್ಲಿ ಅವುಗಳಲ್ಲಿ ಎಷ್ಟನ್ನು ಹಾಡುತ್ತೇವೆ? ಸಾಕ್ಷಿ ಹೇಳಲು ಕರೆಯುವುದು ಕೆಲಸ ಸಿಕ್ಕವರನ್ನು, ಗುಣವಾದವರನ್ನು. ಇನ್ನೂ ಕಾಯುತ್ತಿರುವವರು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಪೌಲನು ತನ್ನ ಶರೀರದಲ್ಲಿ ನಾಟಿದ ಮುಳ್ಳು ಎಂದು ಕರೆದ ಬಾಧೆ ಮೂರು ಸಲ ಬೇಡಿದರೂ ಹೋಗಲಿಲ್ಲ. ಅವನು ಇವತ್ತು ಬಂದರೆ ಯಾವ ಕೂಟದಲ್ಲಿ ಅವನಿಗೆ ಮೈಕ್ ಕೊಡುತ್ತಾರೆ?