ಮಗಳ ಸುದ್ದಿ ಹೇಳುವವರು ಯಾರೂ ಇಲ್ಲ

ವಿಚ್ಛೇದನದ ನಂತರ ಮಕ್ಕಳನ್ನು ನೋಡಲು ಹೋಗುವುದನ್ನೇ ಬಿಟ್ಟ ಅಪ್ಪಂದಿರು ನನ್ನ ಬಳಿ ಸಲಹೆಗೆ ಮತ್ತೆ ಮತ್ತೆ ಬರುತ್ತಾರೆ. ಹಾಗಾಗಿ ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ವಿಷಯ ಬರೆಯುತ್ತಿದ್ದೇನೆ.

ಪರಸ್ಪರ ಒಪ್ಪಿ ಪಡೆದ ವಿಚ್ಛೇದನ. ಏಳು ವರ್ಷದ ಮಗಳು ತಾಯಿಯ ಸುಪರ್ದಿನಲ್ಲಿ. ಇವರಿಗೆ ತಿಂಗಳಲ್ಲಿ ಎರಡು ಭಾನುವಾರ ಭೇಟಿ. ಜೀವನಾಂಶ ತಪ್ಪದೆ ಕಟ್ಟುತ್ತಿದ್ದರು, ಭೇಟಿಗೆ ಹೋಗುವುದನ್ನು ಮಾತ್ರ ಬಿಟ್ಟಿದ್ದರು. ಒತ್ತಾಯ ಮಾಡಿ ಕರೆತಂದದ್ದು ಅವರ ಅಕ್ಕ.

"ಕೋರ್ಟಿಗೆ ಅಪ್ಪ ಅಂದ್ರೆ ದುಡ್ಡು ಕಟ್ಟೋನು ಅಷ್ಟೇ ಮೇಡಂ" ಎಂದರು. ನಾನು ಒಪ್ಪಲಿಲ್ಲ. ಹಿಂದೂ ಮಕ್ಕಳ ಪಾಲಕತ್ವದ 1956ರ ಕಾಯ್ದೆ ಸಹಜ ಪಾಲಕರೆಂದು ಮೊದಲು ಹೆಸರಿಸುವುದು ತಂದೆಯನ್ನೇ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದೂ, ಎಲ್ಲಕ್ಕಿಂತ ಮಗುವಿನ ಹಿತ ದೊಡ್ಡದು ಎಂದೂ ಅದು ಹೇಳುತ್ತದೆ. ತಂದೆ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಪಾಲಕಿಯಾಗಬಹುದು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿತು. ಇದನ್ನೆಲ್ಲ ವಿವರಿಸಿದೆ. ಅವರ ಸಿಟ್ಟೇನೂ ಇಳಿಯಲಿಲ್ಲ.

ಮುಂದಿನ ಸಲ ಬಂದಾಗ ಕಾನೂನು ಬದಿಗಿಟ್ಟು ಕೇಳಿದೆ: "ಭೇಟಿಯಲ್ಲಿ ಏನಾಗುತ್ತೆ?"

"ಸುಮ್ನೆ ಕೂತಿರ್ತಾಳೆ. ಊಟ ಆಯ್ತಾ, ಸ್ಕೂಲ್ ಹೇಗಿದೆ ಅಂತೀನಿ. ಹೂಂ ಅಂತಾಳೆ. ಆಮೇಲೆ ಏನು ಮಾತಾಡಬೇಕು ಗೊತ್ತಾಗಲ್ಲ."

"ಒಟ್ಟಿಗಿದ್ದಾಗ ಏನು ಮಾತಾಡ್ತಿದ್ರಿ?"

ತುಂಬ ಹೊತ್ತು ಉತ್ತರ ಬರಲಿಲ್ಲ. "ಯೋಚನೆ ಮಾಡಿದ್ರೆ, ಮಾತಾಡ್ತಾನೇ ಇರಲಿಲ್ಲ. ರಾತ್ರಿ ನಾನು ಬರೋ ಹೊತ್ತಿಗೆ ಅವಳು ಮಲಗಿರೋಳು. ಹಲ್ಲು ಬಿತ್ತು, ಫ್ರೆಂಡ್ ಜೊತೆ ಜಗಳ ಆಯ್ತು, ಎಲ್ಲಾ ಅವಳ ಅಮ್ಮನೇ ಹೇಳೋಳು. ಈಗ ಹೇಳೋರು ಯಾರೂ ಇಲ್ಲ."

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನಮ್ಮಲ್ಲಿ ಎಷ್ಟೋ ಗಂಡಸರು ಮಕ್ಕಳನ್ನು ಹೆಂಡತಿಯ ಮೂಲಕವೇ ಬಲ್ಲರು. ದುಡಿಯುವುದೇ ತಂದೆತನ ಎಂದು ಮನೆಯವರೆಲ್ಲ ಸೇರಿ ಅವರಿಗೆ ಕಲಿಸಿರುತ್ತೇವೆ. ಮದುವೆ ಮುರಿದ ದಿನ ಆ ಸೇತುವೆಯೂ ಮುರಿಯುತ್ತದೆ. ಮೊದಲೇ ಇಲ್ಲದ ಒಡನಾಟವನ್ನು ಯಾವ ನ್ಯಾಯಾಧೀಶರೂ ಆದೇಶದಲ್ಲಿ ಬರೆದುಕೊಡಲಾರರು.

ನಾನು ಹೇಳಿದ್ದಿಷ್ಟು. ಒಂದು ಭಾನುವಾರವನ್ನೂ ತಪ್ಪಿಸಬೇಡಿ. ಉಡುಗೊರೆ ಬೇಡ, ಅವಳ ಹೋಂವರ್ಕ್ ತರಿಸಿ ಜೊತೆಗೆ ಕೂತು ಮಾಡಿಸಿ. ಅಮ್ಮನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಬೇಡಿ. ಅವಳು ಸುಮ್ಮನಿದ್ದರೆ ನೀವೂ ಸುಮ್ಮನಿರಿ, ಎದ್ದು ಮಾತ್ರ ಬರಬೇಡಿ. ಸುಪರ್ದು ಇಲ್ಲದ ಪೋಷಕರಿಗೂ ಫೋನ್, ವಿಡಿಯೋ ಕರೆಯಲ್ಲಿ ಮಗುವಿನ ಜೊತೆ ಮಾತಾಡುವ ಅವಕಾಶ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ, ವಕೀಲರ ಮೂಲಕ ಅದನ್ನು ಕೇಳಿ.

ಬಿಟ್ಟುಹೋದ ಗಂಡಸರನ್ನು ಓಲೈಸುತ್ತೀರಿ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ಹೊಡೆತ, ಬೆದರಿಕೆ ಇದ್ದ ಮನೆಗಳಿಗೆ ಈ ಸಲಹೆಯನ್ನು ನಾನು ಎಂದೂ ಕೊಡುವುದಿಲ್ಲ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಅಪ್ಪ ಯಾಕೆ ಬರುತ್ತಿಲ್ಲ ಎಂಬುದಕ್ಕೆ ಆ ಹುಡುಗಿ ತಾನೇ ಕಾರಣ ಹುಡುಕತೊಡಗುತ್ತಾಳೆ, ಮಕ್ಕಳು ಹೆಚ್ಚಾಗಿ ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ. ನಾನು ಪಟ್ಟು ಹಿಡಿದದ್ದು ಅವಳಿಗಾಗಿ.

ಈಗ ಅವರು ಭೇಟಿಗೆ ಹೋಗುತ್ತಿದ್ದಾರೆ. ಬುಧವಾರ ಸಂಜೆ ವಿಡಿಯೋ ಕರೆಗೆ ಮಗಳ ತಾಯಿಯೂ ಒಪ್ಪಿದ್ದಾರೆ. ಮೊನ್ನೆ ಮಗಳು ಮಗ್ಗಿ ತಪ್ಪು ಹೇಳಿ, ಇವರು ತಿದ್ದಿದ್ದಕ್ಕೆ ಸಿಟ್ಟಾಗಿ ಫೋನ್ ಇಟ್ಟುಬಿಟ್ಟಳಂತೆ. ಮುಂದಿನ ಬುಧವಾರ ಏನು ಮಾಡಲಿ ಎಂದು ಕೇಳಿದರು. ಮತ್ತೆ ಕರೆ ಮಾಡಿ ಎಂದೆ.