ನ್ಯೂಟನ್‌ಗೆ ಎರಡು ಹುಟ್ಟುಹಬ್ಬವೇ?

ಪ್ರಶ್ನೆ: ಶಾಲೆಯ ‘ಈ ದಿನದ ವಿಶೇಷ’ ಫಲಕಕ್ಕೆ ನ್ಯೂಟನ್ ಜನ್ಮದಿನ ಬರೆಯಬೇಕು. ಒಂದು ಪುಸ್ತಕದಲ್ಲಿ 1642ರ ಡಿಸೆಂಬರ್ 25, ಇನ್ನೊಂದರಲ್ಲಿ 1643ರ ಜನವರಿ 4 ಎಂದಿದೆ. ಯಾವುದು ಸರಿ? ಗೆಲಿಲಿಯೋ ತೀರಿಕೊಂಡ ವರ್ಷವೇ ಅವರು ಹುಟ್ಟಿದ್ದು ನಿಜವೇ?

ಉತ್ತರ: ಎರಡೂ ಸರಿ, ದಿನ ಒಂದೇ, ಕ್ಯಾಲೆಂಡರ್ ಬೇರೆ. ಆಗ ಇಂಗ್ಲೆಂಡಿನಲ್ಲಿ ಇದ್ದದ್ದು ಹಳೆಯ ಜೂಲಿಯನ್ ಪದ್ಧತಿ. ಇಟಲಿ 1582ರಲ್ಲೇ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಎಣಿಸಿ, ಈಗ ನಾವು ಬಳಸುವ ಗ್ರೆಗೋರಿಯನ್‌ ಪದ್ಧತಿಗೆ ಬದಲಾಗಿತ್ತು. ಇಂಗ್ಲೆಂಡ್ ಬದಲಾದದ್ದು 1752ರಲ್ಲಿ.

ಹಳೆಯ ತಾರೀಖಿಗೆ 1700ರ ಫೆಬ್ರವರಿವರೆಗೆ 10 ದಿನ ಕೂಡಿಸಿ. ಆ ಮಾರ್ಚ್‌ನಿಂದ 11, 1800ರ ಮಾರ್ಚ್‌ನಿಂದ 12, 1900ರ ಮಾರ್ಚ್‌ನಿಂದ 13. ಆ ಮೂರೂ ವರ್ಷ ಜೂಲಿಯನ್‌ನಲ್ಲಿ ಅಧಿಕ ವರ್ಷ, ಗ್ರೆಗೋರಿಯನ್‌ನಲ್ಲಿ ಅಲ್ಲ. ಅಂತರ ಬೆಳೆದದ್ದು ಹಾಗೆ. ರಷ್ಯಾದ ‘ಅಕ್ಟೋಬರ್ ಕ್ರಾಂತಿ’ (ಅಕ್ಟೋಬರ್ 25) ನವೆಂಬರ್ 7ಕ್ಕೆ ಬರುವುದೂ ಈ 13ರಿಂದಲೇ.

ಎಡವುವುದು ವರ್ಷದಲ್ಲಿ. ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಸ್ಮಾರಕದಲ್ಲಿ ನ್ಯೂಟನ್ ಸಾವು 1726ರ ಮಾರ್ಚ್ 20 ಎಂದು ಕೆತ್ತಿದೆ. ನಮ್ಮ ಲೆಕ್ಕದಲ್ಲಿ ಅದು 1727ರ ಮಾರ್ಚ್ 31. ಈಗಾಗಲೇ ತಿದ್ದಿದ ತಾರೀಖಿಗೆ ಮತ್ತೆ ದಿನ ಕೂಡಿಸುವ ತಪ್ಪೂ ಆಗುತ್ತದೆ, ಮೂಲ ಯಾವ ಪದ್ಧತಿಯದೆಂದು ಮೊದಲು ನೋಡಿಕೊಳ್ಳಿ.

ಗೆಲಿಲಿಯೋ ತೀರಿಕೊಂಡದ್ದು 1642ರ ಜನವರಿ 8, ಅದು ಇಟಲಿಯ ಹೊಸ ಲೆಕ್ಕ. ಒಂದೇ ಕ್ಯಾಲೆಂಡರಿನಲ್ಲಿಟ್ಟರೆ ನ್ಯೂಟನ್ ಹುಟ್ಟಿದ್ದು ಮುಂದಿನ ವರ್ಷ. ಚೆಂದದ ಕತೆ, ಪಾಪ, ಅಲ್ಲಿಗೆ ಮುಗಿಯಿತು! ಫಲಕದಲ್ಲಿ ‘ಜನವರಿ 4 (ಹಳೆಯ ಪದ್ಧತಿ: ಡಿಸೆಂಬರ್ 25, 1642)’ ಎಂದು ಬರೆಯಿರಿ.